ಮೂರನೇ ಮಹಡಿಯ ಫ್ರಾಕು

ನನ್ನ ಕತ್ತರಿ ಬಾಯಿಯವಳೇ,

ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಗದವನ್ನು ನೀನು ಎಲ್ಲಿಯವರೆಗೆ ಓದುತ್ತೀಯೋ ನನಗೆ ಗೊತ್ತಿಲ್ಲ. ನಮ್ಮ ಫೋನಿನ ಆಟದಿಂದ ಮೂರನೇ ಮಹಡಿಯನ್ನು ತೆಗೆದಿದ್ದೇನೆ. ಮುಚ್ಚಿಟ್ಟಿಲ್ಲ, ಬೀಗ ಹಾಕಿಲ್ಲ, ತೆಗೆದೇಬಿಟ್ಟಿದ್ದೇನೆ. ಆ ಫ್ರಾಕು, ಆ ಬಾಗಿಲು, ಬಾಗಿಲಲ್ಲಿ ನಿಂತ ಆ ಹೆಂಗಸು, ಯಾವುದೂ ಈಗ ಯಾರ ಫೋನಿನಲ್ಲೂ ಇಲ್ಲ. ನೀನು ನನ್ನ ಮೇಜಿನ ಮೇಲೆ ಫೋನನ್ನು ಬೋರಲು ಹಾಕಿ ಎದ್ದುಹೋಗಿ ಹತ್ತು ವಾರವಾಯಿತು. ಅಷ್ಟು ವಾರ ನಾನು ಮಾಡಿದ ಕೆಲಸ ಇದು.

ಇಷ್ಟಕ್ಕೆ ಕಾಗದ ಮಡಿಸಿಟ್ಟರೂ ಸರಿಯೇ. ಆದರೆ ಇನ್ನೊಂದು ವಿಷಯವಿದೆ. ಅದು ಆಟದ್ದಲ್ಲ, ಹದಿನೈದು ವರ್ಷ ಹಳೆಯದು. ಅದನ್ನು ಬರೆಯುವ ಧೈರ್ಯ ಬರಬೇಕಾದರೆ ನನಗೆ ಇನ್ನೂ ನಾಲ್ಕು ಪುಟ ಬೇಕು. ಊರ ಶಾಲೆಯ ಏಳನೇ ಕ್ಲಾಸಿನ ಅಕ್ಷರ ನನ್ನದು, ಸಾವಕಾಶವಾಗಿಯೇ ಬರುತ್ತದೆ. ತಾಳ್ಮೆಯಿದ್ದರೆ ಓದು.

ಆಟದ ಅರ್ಧ ಕಥೆ ನಿನಗೆ ಗೊತ್ತು. ನಾವಿಬ್ಬರೂ ಹೊಲಿಯುತ್ತಿದ್ದ ಗಾರ್ಮೆಂಟ್ ಫ್ಯಾಕ್ಟರಿಯ ಬಾಗಿಲು ಮುಚ್ಚಿದ ಮೇಲೆ ನೀನು ಲಾಂಡ್ರಿಯಲ್ಲಿ ಆಸ್ಪತ್ರೆಯ ಚಾದರಗಳಿಗೆ ತೇಪೆ ಹಾಕಲು ಸೇರಿದೆ, ನಾನು ಆ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಮೆಷಿನ್ನು ಹಾಕಿಕೊಂಡು ಕೂತೆ. ಆಗಲೇ ಅಣ್ಣನ ಮಗಳು ನನ್ನ ಮನೆಗೆ ಬಂದದ್ದು. ಬೆಳಗ್ಗೆ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವುದು, ಮಧ್ಯಾಹ್ನ ನನ್ನ ಪಕ್ಕ ಸ್ಟೂಲಿನ ಮೇಲೆ ಕೂತು ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಏನೋ ಕುಟ್ಟುವುದು. ಬರುವ ಗಿರಾಕಿಗಳನ್ನು ಬೆಕ್ಕಿನ ಹಾಗೆ ನೋಡುತ್ತಿದ್ದಳು. ಒಬ್ಬ ಮೊಣಕಾಲಿನಲ್ಲಿ ಹರಿದ ಪ್ಯಾಂಟು ತಂದು ಗೇಟಿಗೆ ಸಿಕ್ಕಿತು ಅಂದ. ಅವನು ಹೋದ ಮೇಲೆ ನಾನು, ಗೇಟಿಗೆ ಸಿಕ್ಕಿದರೆ ಹೀಗೆ ಹರಿಯುವುದಿಲ್ಲ, ಇವನು ಯಾರದೋ ಮುಂದೆ ಮೊಣಕಾಲೂರಿದ್ದಾನೆ ಅಂದೆ. ಅವಳು ಲ್ಯಾಪ್‌ಟಾಪು ಮುಚ್ಚಿ, "ಅತ್ತೆ, ಇದೇ ಆಟ" ಅಂದಳು.

ಹರಿದ ಪ್ಯಾಂಟಿನಲ್ಲಿ ಎಂಥ ಆಟವೇ ಅಂದೆ. ಹೇಗೆ ಹರಿಯಿತು ಅಂತ ಕಂಡುಹಿಡಿಯುವುದೇ ಆಟ, ಹೊಲಿದು ಕೊಡುವುದೇ ಗೆಲುವು ಅಂದಳು. ಹೀಗೆ ಶುರುವಾಯಿತು. ಐದು ಮಹಡಿಯ ಒಂದು ಕಟ್ಟಡ, ಮೆಟ್ಟಿಲ ಕೆಳಗೆ ತೇಪೆ ಹಾಕುವವಳು, ಮಹಡಿಗೊಂದು ಬಾಗಿಲು. ಬಟ್ಟೆ ಬರುತ್ತದೆ. ಹರುಕು ನೋಡಿ ದಾರ ಆರಿಸಬೇಕು, ಬೆರಳಿನಿಂದ ಗಾಜಿನ ಮೇಲೆ ಹೊಲಿಯಬೇಕು, ಮೆಟ್ಟಿಲು ಹತ್ತಿ ವಾಪಸು ಕೊಡಬೇಕು. ಹೊಲಿಗೆ ಒಪ್ಪಿಗೆಯಾದರೆ ಬಾಗಿಲಲ್ಲಿದ್ದವರು ಎರಡು ಮಾತಾಡುತ್ತಾರೆ, ಮೇಲಿನ ಮೆಟ್ಟಿಲು ತೆರೆಯುತ್ತದೆ. ನಿನಗೆ ಹೇಳಿದಾಗ ಏನಂದೆ ನೆನಪಿದೆಯಾ? "ಹಲ್ಲಿದ್ದಾಗ ಕಡಲೆ ಸಿಗಲಿಲ್ಲ, ಐವತ್ತಕ್ಕೆ ಕಡಲೆ ಬಂದಿದೆ, ಅಗಿ." ಹಾಗಂದವಳೇ ಮುಂದಿನ ಭಾನುವಾರದಿಂದ ತಪ್ಪದೆ ಬಂದು ಕೂತೆ.

ಗೋಡೆಗಳ ವಾರವನ್ನು ನೀನು ಮರೆತಿರಲಾರೆ. ಕೋಣೆಗಳ ಅಳತೆ ಹಾಕಿಕೊಡಿ ಅತ್ತೆ ಅಂತ ಹುಡುಗಿ ಚೌಕುಳಿ ಕಾಗದ ಕೊಟ್ಟಳು. ಬ್ಲೌಸಿಗೆ ಕತ್ತರಿಸುವ ಹಾಗೆಯೇ ಕೂತು ಅಚ್ಚುಕಟ್ಟಾಗಿ ಬರೆದುಕೊಟ್ಟೆ. ಅವಳು ಅದನ್ನೇ ಗೆರೆಗೆ ಗೆರೆ ಇಳಿಸಿದಳು. ಆಟ ಹಚ್ಚಿದರೆ ಕೋಣೆಯೊಳಗೆ ಕೋಣೆ ಹೊಕ್ಕಿದೆ, ತೇಪೆ ಹಾಕುವವಳು ಎರಡನೇ ಮಹಡಿಯ ಗೋಡೆಯಲ್ಲಿ ಹೂತುಹೋಗಿ ತಲೆ ಮಾತ್ರ ಕಾಣುತ್ತಿದೆ. ಪಾಪ, ತಾನು ಬರೆದದ್ದರಲ್ಲೇ ತಪ್ಪಿದೆ ಅಂತ ಅವಳು ಒಂದು ವಾರ ಹುಡುಕಿದಳು. ಕೊನೆಗೆ ನನ್ನ ಕಾಗದ ಹಿಡಿದು ಬಂದು, ಎಲ್ಲ ಕಡೆ ಒಳಗೊಂದು ಹೊರಗೊಂದು ಗೆರೆ ಎಳೆದಿದ್ದೀರಲ್ಲ, ಈ ಹೊರಗಿನದು ಏನು ಅಂತ ಕೇಳಿದಳು. ಹೊಲಿಗೆಗೆ ಬಿಟ್ಟ ಅರ್ಧ ಇಂಚು ಕಣೇ ಅಂದೆ.

"ಗೋಡೆಯನ್ನು ಯಾರು ಹೊಲೀತಾರೆ ಅತ್ತೆ?"

ನೀನು ನಕ್ಕ ನಗೆಗೆ ಬಾಯಲ್ಲಿದ್ದ ಚಹಾ ಗಿರಾಕಿಯ ಬಿಳಿ ಅಂಗಿಗೆ ಹಾರಿತು. ಆ ಕಲೆ ತೆಗೆಯಲು ನಾವಿಬ್ಬರೂ ಒಂದು ಗಂಟೆ ಉಜ್ಜಿದೆವು.

ಗಂಟಿನದ್ದೂ ಹಾಗೆಯೇ ಆಯಿತು. ಮೊದಲ ಸಲ ಹದಿಮೂರು ಜನರ ಕೈಗೆ ಆಟ ಕೊಟ್ಟು ನೋಡಿದೆವಲ್ಲ, ಹನ್ನೆರಡು ಜನ ಮೊದಲ ಬಾಗಿಲನ್ನೇ ದಾಟಲಿಲ್ಲ. ಹೊಲಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. ದಾಟಿದ ಒಬ್ಬಳು ನೀನು. ದಾರದ ತುದಿಗೆ ಮೊದಲು ಗಂಟು ಹಾಕಬೇಕು ಅನ್ನುವುದು ಜಗತ್ತಿಗೆಲ್ಲ ಗೊತ್ತಿರುತ್ತದೆ ಅಂತ ನಾನು ತಿಳಿದಿದ್ದೆ. ಹುಡುಗಿ ಸೂಚನೆ ಬರೆದು ಹಾಕೋಣ ಅಂದಳು. ನಾನು ಬೇಡ ಅಂದೆ. ನಮಗೆ ಯಾರು ಬರೆದು ಕಲಿಸಿದ್ದರು? ಮೊದಲ ಅಂಗಿಯಲ್ಲಿ ಯಾರೋ ಹಿಂದೆ ಹಾಕಿದ ಹಳೆಯ ಹೊಲಿಗೆ ಕಾಣುವ ಹಾಗೆ ಮಾಡಿಸಿದೆ, ಅದರ ತುದಿಯಲ್ಲಿ ಗಂಟು ಎದ್ದುಕಾಣುವ ಹಾಗೆ. ಎರಡನೇ ಸಲ ಹತ್ತು ಜನ ನೋಡಿ ತಾವೇ ಕಲಿತರು. ಉಳಿದಿಬ್ಬರು, ಬಿಡು, ಅವರು ಗುಂಡಿ ಹೊಲಿಯಲೂ ನನ್ನ ಹತ್ತಿರವೇ ಬರುವವರು.

ಇಷ್ಟು ನಿನಗೆ ಗೊತ್ತಿರುವ ಅರ್ಧ. ಇನ್ನು ಗೊತ್ತಿಲ್ಲದ್ದು.

ನಾಲ್ಕು ಮಹಡಿ ತುಂಬಿದ್ದವು, ಮೂರನೆಯದು ಖಾಲಿ ಇತ್ತು. ಹುಡುಗಿ ಒಂದು ದಿನ, ಎಲ್ಲ ಮಹಡಿಯಲ್ಲೂ ಹರಿದದ್ದನ್ನೇ ಹೊಲಿಯುತ್ತೇವೆ, ಒಂದು ಕಡೆ ಬೇರೆ ಏನಾದರೂ ಬೇಕು ಅತ್ತೆ ಅಂದಳು. ನಾಲಿಗೆಗೆ ಎಲುಬಿಲ್ಲ. ನಾನು ಬಾಯಿ ಬಿಟ್ಟೆ. ಒಬ್ಬ ಹೆಂಗಸಿದ್ದಾಳೆ, ನಾಲ್ಕು ವರ್ಷದ ಮಗಳನ್ನು ಗಂಡನ ಮನೆಯವರು ಕರೆದುಕೊಂಡು ಹೋದರು, ಮುಖ ತೋರಿಸಲಿಲ್ಲ, ಇವಳು ವರ್ಷಕ್ಕೊಂದು ಫ್ರಾಕು ಹೊಲಿದು ಟ್ರಂಕಿನಲ್ಲಿಟ್ಟಳು, ಅಳತೆಯಿಲ್ಲದೆ, ಬೀದಿಯಲ್ಲಿ ಹೋಗುವ ಅದೇ ವಯಸ್ಸಿನ ಮಕ್ಕಳನ್ನು ಕಣ್ಣಲ್ಲೇ ಅಳೆದು, ಹನ್ನೊಂದು ವರ್ಷ. ಯಾರು ಅಂತ ಕೇಳಿದಳು. ಯಾರೋ ಅಂದೆ.

ಅವಳು ಆ ಮಹಡಿಯನ್ನು ಮೂರೇ ವಾರದಲ್ಲಿ ಕಟ್ಟಿದಳು; ಮುಗಿದ ಮೇಲೆ ನಿನಗೆ ತೋರಿಸೋಣ ಅಂತ ಭಾನುವಾರಗಳಲ್ಲಿ ಅದನ್ನು ತೆರೆಯುತ್ತಿರಲಿಲ್ಲ. ಬಾಗಿಲು ತೆರೆದರೆ ಒಬ್ಬ ಹೆಂಗಸು ಬಟ್ಟೆ, ಕತ್ತರಿ ಕೊಡುತ್ತಾಳೆ, ಅಳತೆಯ ಟೇಪು ಎಲ್ಲೂ ಇಲ್ಲ. ಹಗ್ಗದ ಮೇಲೆ ಬೇರೆ ಮಕ್ಕಳ ಬಟ್ಟೆ ಒಣಗುತ್ತಿದೆ, ಅದನ್ನು ನೋಡಿ ಅಂದಾಜು ಮಾಡಬೇಕು. ಎಷ್ಟು ಉದ್ದ ಕತ್ತರಿಸಿದರೂ ಆ ಹೆಂಗಸು ಫ್ರಾಕನ್ನು ಎತ್ತಿ ಹಿಡಿದು, "ಈಗ ಇಷ್ಟೇ ಇರಬೇಕು" ಅನ್ನುತ್ತಾಳೆ. ಆ ಮಾತು ನಿನ್ನದು. ಪ್ರತಿ ವರ್ಷ ಮೆಷಿನ್ನಿನಿಂದ ಫ್ರಾಕು ತೆಗೆದು ನೀನು ಹೇಳುತ್ತಿದ್ದದ್ದು. ಅದನ್ನೂ ಎತ್ತಿಕೊಂಡೆ.

ಆಡಿಸಿ ನೋಡಿದೆವು. ಪಕ್ಕದ ಗಡಿಯಾರ ರಿಪೇರಿಯವನಿದ್ದಾನಲ್ಲ, ಹೂಂ ಅಂದರೆ ಮುತ್ತು ಉದುರೀತು ಅನ್ನುವವನು, ಅವನು ಆ ಮಹಡಿಗೆ ಮೂರು ಸಲ ವಾಪಸು ಹೋಗಿ ಮೂರು ಬೇರೆ ಉದ್ದ ಕತ್ತರಿಸಿದ. ಇದೇ ಆಟದ ಜೀವ ಅತ್ತೆ ಅಂದಳು ಹುಡುಗಿ. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಒಳಗೆಲ್ಲೋ ಮುಳ್ಳು ಆಡುತ್ತಿತ್ತು, ಅದಕ್ಕೆ ದೇವರ ಮುಂದೆ ಕೂತು ಕೇಳಿದೆ. ಮನಸ್ಸು ಹಗುರವಾಯಿತು. ಒಪ್ಪಿಗೆ ಸಿಕ್ಕಿತು ಅಂದುಕೊಂಡು ಎದ್ದೆ. ದೇವರನ್ನು ಕೇಳಿದೆ, ನಿನ್ನನ್ನು ಕೇಳಲಿಲ್ಲ. ನೀನು ಎರಡು ಬೀದಿ ಆಚೆ ಇದ್ದೆ.

ನಿನಗೆ ತೋರಿಸಿದರೆ ಸಂತೋಷಪಡುತ್ತೀಯ ಅಂತಲೇ ನನ್ನ ಮಂಕುಬುದ್ಧಿಗೆ ಅನ್ನಿಸಿತ್ತು. ಮೊದಲೆರಡು ಮಹಡಿ ನೀನು ನಗುತ್ತಲೇ ಹತ್ತಿದೆ. ಎರಡನೆಯ ಮಹಡಿಯ ಗುಮಾಸ್ತನ ಕಾಲರ್ ನೋಡಿ, ಇವನ ಕತ್ತು ತೊಳೆಯದೆ ಅಂಗಿ ತೊಳೆದರೇನು ಬಂತು ಅಂದೆ. ಮೂರನೆಯ ಬಾಗಿಲು ತೆರೆಯಿತು. ನಿನ್ನ ಬೆರಳು ಹಗ್ಗದ ಮೇಲಿನ ಬಟ್ಟೆಗಳ ಹತ್ತಿರ ಹೋಗಿ ನಿಂತಿತು. ಕತ್ತರಿಸಲಿಲ್ಲ. ಫೋನು ಬೋರಲು ಹಾಕಿದೆ. ನೀನು ಯಾವತ್ತೂ ಮಾತಾಡದ ಮೆಲು ದನಿಯಲ್ಲಿ, "ಇದು ನನ್ನ ಟ್ರಂಕು. ಬೀಗ ಯಾರು ತೆಗೆದದ್ದು?" ಅಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನ ಬೈಗುಳಕ್ಕೆ ನಾನು ಹದಿನೆಂಟು ವರ್ಷ ಪಳಗಿದವಳು.

ಮೊದಮೊದಲು ನೆವ ಹುಡುಕಿದೆ. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಹಾಗೆ. ಹೆಸರು ಹಾಕಿಲ್ಲವಲ್ಲ, ಮುಖ ಬೇರೆಯಲ್ಲವೇ, ಲೋಕದಲ್ಲಿ ಇವಳೊಬ್ಬಳೇ ತಾಯಿಯೇ. ಎರಡು ಸಲ ಲಾಂಡ್ರಿಯ ಗೇಟಿನ ತನಕ ಬಂದು ವಾಪಸು ಹೋದೆ. ಮೂರನೆಯ ವಾರ ಒಂದು ಮಧ್ಯಾಹ್ನ ಹುಡುಗಿಗೆ ಮೂರನೇ ಮಹಡಿ ತೆಗಿ ಅಂದೆ. ಅವಳು ಲ್ಯಾಪ್‌ಟಾಪು ಪಕ್ಕಕ್ಕಿಟ್ಟಳು. ಒಂದು ಸಲ ಹೋಗಿ ಕೇಳೋಣ ಅತ್ತೆ, ಅವರು ಒಪ್ಪಲೂಬಹುದು ಅಂದಳು. ಎತ್ತಿಕೊಂಡು ಬಂದ ಮೇಲೆ ಕೇಳುವುದು ಕೇಳಿದ ಹಾಗಲ್ಲ, ಸೆರಗು ಹಿಡಿದು ಎಳೆದ ಹಾಗೆ ಅಂದೆ. ಹಾಗಾದರೆ ಮಹಡಿ ತೆಗೆದು ನಂಬರು ಹಾಗೇ ಬಿಡೋಣ, ಎರಡಾದ ಮೇಲೆ ನಾಲ್ಕು ಬರಲಿ, ಆಡುವವರು ಯೋಚಿಸಲಿ ಅಂದಳು. ಚೆನ್ನಾಗಿಯೇ ಇತ್ತು ಆ ಯೋಚನೆ. ಆದರೆ ಜನ ಮೂರನೆಯದು ಎಲ್ಲಿ ಅಂತ ಕೇಳುತ್ತಾರೆ, ನಾವು ಅರ್ಧ ಬಾಯಿ ಬಿಡುತ್ತೇವೆ, ಮತ್ತೆ ನಿನ್ನ ಮಾತೇ ಆಗುತ್ತದೆ. ಬೇಡ ಅಂದೆ. ನಾಲ್ಕನೆಯದು ಮೂರನೆಯದಾಗಲಿ, ಐದನೆಯದು ನಾಲ್ಕು.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯಬಹುದು ಅಂದುಕೊಂಡಿದ್ದೆ. ಆಟ ಸ್ವೆಟರಿನ ಹಾಗೆ, ಒಂದು ಎಳೆ ಎಳೆದರೆ ಇನ್ನೊಂದು ಕಡೆ ಕುಸಿಯುತ್ತದೆ. ಆ ಮಹಡಿ ಹೋದದ್ದೇ ಎರಡನೆಯ ಮಹಡಿಯ ಮೆಟ್ಟಿಲು ಗಾಳಿಯಲ್ಲಿ ನಿಂತಿತು. ಮೇಲಿನ ಮಹಡಿಯ ಮುದುಕ ಡ್ರೈವರನ ಕೋಟಿಗೆ ಬೇಕಾದ ನೀಲಿ ದಾರ ಆ ಫ್ರಾಕಿನಿಂದ ಬರುತ್ತಿತ್ತು. ದಾರವಿಲ್ಲದೆ ಕೋಟು ಹೊಲಿಯಲಾಗದು, ಕೋಟು ಕೊಡದೆ ಆಟ ಮುಗಿಯದು. ಅಂಗಡಿ ಇಟ್ಟು ದಾರ ಕೊಡಿಸಿ ನೋಡಿದೆವು, ಸಪ್ಪೆಯಾಯಿತು. ಮುದುಕನೇ ರೀಲು ಕೈಗಿತ್ತರೂ ಸರಿಬರಲಿಲ್ಲ. ಒಂಬತ್ತು ದಿನ ಅಳೆದೂ ಸುರಿದೂ ಕೊನೆಗೆ ನಾನು ನಿಜವಾದ ಒಂದು ಕೋಟನ್ನು ಕೈಗೆತ್ತಿಕೊಂಡೆ. ನಾವೇನು ಮಾಡುತ್ತೇವೆ? ಬಣ್ಣ ಹೊಂದುವ ದಾರ ಸಿಗದಿದ್ದರೆ ಅದೇ ಕೋಟಿನ ಒಳಮಡಿಕೆಯಿಂದ ಒಂದೆಳೆ ಬಿಡಿಸಿಕೊಳ್ಳುತ್ತೇವೆ. ಅದನ್ನೇ ಹಾಕಿಸಿದೆ. ಈಗ ಆಡುವವರು ಕೋಟನ್ನು ತಿರುವಿ ಹಾಕಿ, ಒಳಗೆ ಬೆರಳಾಡಿಸಿ, ತಾವೇ ಹುಡುಕಿ ತೆಗೆಯುತ್ತಾರೆ. ಮೊದಲಿಗಿಂತ ಗಟ್ಟಿಯಾಗಿದೆ. ನಿನ್ನನ್ನು ಬಿಟ್ಟು ಉಳಿದ ಹನ್ನೆರಡು ಜನರನ್ನೂ ಮತ್ತೆ ಕೂರಿಸಿದೆವು, ಹತ್ತು ಜನ ದಾಟಿದರು.

ಅಳಿಸುವ ಗುಂಡಿಯನ್ನು ಹುಡುಗಿಯ ಕೈಯಲ್ಲಿ ಒತ್ತಿಸಲಿಲ್ಲ. ಅವಳು ತೋರಿಸಿದಳು, ನಾನು ಒತ್ತಿದೆ. ನಿಜವಾಗಿ ಅಳಿಸಬೇಕೇ ಅಂತ ಅದು ಎರಡು ಸಲ ಕೇಳಿತು. ಎರಡು ಸಲವೂ ಹೌದು ಅಂದೆ. ಅವಳು ಮುಖ ತಿರುಗಿಸಿ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತಳು. ಮೊದಲು ಆಡಲು ಕೊಟ್ಟವರ ಫೋನುಗಳಲ್ಲೂ ಉಳಿದಿತ್ತಲ್ಲ, ಒಬ್ಬೊಬ್ಬರ ಮನೆಗೂ ಹೋಗಿ ಎದುರಿಗೇ ತೆಗೆಸಿದೆ. ಗಡಿಯಾರದವನು ಯಾಕೆ ಅಂತ ಕೇಳಿದ. ಬಟ್ಟೆ ನಮ್ಮದಲ್ಲ, ಕೊಟ್ಟವರಿಗೆ ವಾಪಸಾಯಿತು ಅಂದೆ. ಅವನು ಹೂಂ ಅಂದ.

ನಾಲ್ಕು ಪುಟ ಮುಗಿಯುತ್ತಾ ಬಂತು. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಮಹಡಿಯನ್ನು ತೆಗೆಯುವ ದಿನ ಹುಡುಗಿ ಒಂದು ಮಾತು ಕೇಳಿದಳು. ಕಟ್ಟುವಾಗ ಅವಳು, ಕಷ್ಟಪಟ್ಟು ಹುಡುಕುವವರಿಗೆ ಸಿಗುವ ಹಾಗೆ ಎಲ್ಲಾದರೂ ಒಂದು ಟೇಪು ಬಚ್ಚಿಡೋಣ ಅಂದಿದ್ದಳು. ನಾನು ಅವಳ ಮೇಲೆ ಹರಿಹಾಯ್ದಿದ್ದೆ. ಹಾಗೆ ಯಾವತ್ತೂ ಬೈದವಳಲ್ಲ ನಾನು. "ಟೇಪು ಬೇಡ ಅಂತ ಯಾಕೆ ಅಷ್ಟು ಹಟ ಹಿಡಿದಿರಿ ಅತ್ತೆ?" ಅಂತ ಕೇಳಿದಳು. ಉತ್ತರ ನಿನಗೆ ಸೇರಬೇಕಾದದ್ದು. ಆ ಫ್ರಾಕಿನ ಅಳತೆ ಎಲ್ಲಿದೆ ಅಂತ ನನಗೆ ಗೊತ್ತಿತ್ತು.

ನಿನ್ನ ಮಗಳಿಗೆ ಒಂಬತ್ತು ನಡೆಯುತ್ತಿದ್ದ ವರ್ಷ. ನೀನು ಗಂಡನ ಮನೆಯ ಗೇಟಿನಿಂದ ತಳ್ಳಿಸಿಕೊಂಡು ವಾಪಸು ಬಂದು ಮೂರು ವಾರ ಹಾಸಿಗೆ ಹಿಡಿದಿದ್ದೆ. ತಿನ್ನಿಸಿದರೆ ತಿನ್ನುತ್ತಿದ್ದೆ, ಇಲ್ಲದಿದ್ದರೆ ಇಲ್ಲ. ಆ ದಿನಗಳಲ್ಲಿ ಒಂದು ಶನಿವಾರ ಗಾರ್ಮೆಂಟಿನ ಗೇಟಿಗೆ ಒಬ್ಬ ಹೆಂಗಸು ಬಂದು ನಿನ್ನನ್ನು ಕೇಳಿದಳು. ನೀನಿಲ್ಲ ಅಂದಾಗ ನಿನ್ನ ಪಕ್ಕದವಳು ಯಾರು ಅಂತ ವಿಚಾರಿಸಿ ನನ್ನನ್ನು ಕರೆಸಿದಳು. ಮಗುವಿನ ಸೋದರತ್ತೆ ಅವಳು. ಅಣ್ಣನಿಗೆ ಗೊತ್ತಾಗದ ಹಾಗೆ ಬಂದಿದ್ದಳು. ಅವರೆಲ್ಲ ಬೇರೆ ಊರಿಗೆ ಹೊರಟಿದ್ದರು. ಯಾವ ಊರು ಅಂತ ಹೇಳಿದಳು, ಬೀದಿಯನ್ನೂ ಹೇಳಿದಳು. ಒಂದು ಚೀಟಿ ಕೊಟ್ಟಳು. "ಅಮ್ಮ ಬಟ್ಟೆ ಹೊಲೀತಾಳಂತೆ, ಕೊಡು ಅಂತ ಮಗು ತಾನೇ ಅಳೆದು ಬರೆದಿದೆ" ಅಂದಳು. ಪೆನ್ಸಿಲಿನಲ್ಲಿ ಬರೆದ ಅಕ್ಷರ. ಉದ್ದ ಮೂವತ್ತೊಂದು, ಎದೆ ಇಪ್ಪತ್ತಾರು, ತೋಳು ಆರು.

ನಿನಗೆ ಕೊಡಬೇಕಿತ್ತು. ಅಂದು ಸಂಜೆಯೇ ನಿನ್ನ ಮನೆಗೆ ಬಂದೆ, ಚೀಟಿ ನನ್ನ ರವಿಕೆಯೊಳಗಿತ್ತು. ನೀನು ಎದ್ದು ಕೂತು ನಿನ್ನ ಕೈಯಿಂದಲೇ ಎರಡು ತುತ್ತು ತಿಂದೆ, ಮೂರು ವಾರದಲ್ಲಿ ಮೊದಲ ಸಲ. ಇದನ್ನು ಕೊಟ್ಟರೆ ನಾಳೆಯೇ ಅಲ್ಲಿಗೆ ಓಡುತ್ತಾಳೆ, ಮತ್ತೆ ಗೇಟಿನಿಂದ ತಳ್ಳಿಸಿಕೊಳ್ಳುತ್ತಾಳೆ, ಈ ಸಲ ಏಳುವುದಿಲ್ಲ ಅನ್ನಿಸಿತು. ಮನೆಗೆ ಹೋಗಿ ದೇವರ ಮುಂದೆ ಕೂತೆ. ಮನಸ್ಸು ಹಗುರವಾಯಿತು. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಕೊಡೋಣ ಅಂತ ಪ್ರಾರ್ಥನೆಯ ಪುಸ್ತಕದಲ್ಲಿಟ್ಟೆ. ತಿಂಗಳಾಯಿತು. ವರ್ಷವಾಯಿತು. ಮೊದಲ ತಿಂಗಳು ನಿನ್ನ ಒಳ್ಳೆಯದಕ್ಕೆ ಇಟ್ಟುಕೊಂಡೆ ಅಂತ ಈಗಲೂ ಹೇಳಬಲ್ಲೆ. ಆಮೇಲಿನ ಅಷ್ಟೂ ವರ್ಷ ನನ್ನ ಮುಖ ಉಳಿಸಿಕೊಳ್ಳಲು ಇಟ್ಟುಕೊಂಡೆ. ದಿನಾ ಬೆಳಗ್ಗೆ ಆ ಪುಸ್ತಕ ತೆರೆದಾಗಲೆಲ್ಲ ಆ ಪುಟವನ್ನು ಹಾರಿಸಿ ಓದಿದ್ದೇನೆ.

ಆ ವರ್ಷದ ಫ್ರಾಕು ಹಳದಿಯದು, ನೆನಪಿದೆಯಾ? ನೀನು ಇಪ್ಪತ್ತೊಂಬತ್ತಕ್ಕೆ ಗುರುತು ಹಾಕಿದ್ದೆ. ನನಗೆ ಬಾಯಿ ತಡೆಯಲಾಗದೆ, ಇನ್ನೆರಡು ಇಂಚು ಬಿಡು, ಮಕ್ಕಳು ಬೇಗ ಬೆಳೆಯುತ್ತಾರೆ ಅಂದೆ. "ನಿನಗೇನು ಗೊತ್ತು? ನನ್ನ ಮಗಳು ನನ್ನ ಹಾಗೇ ಗಿಡ್ಡ" ಅಂದು ಕತ್ತರಿ ಹಾಕಿದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕತ್ತರಿ ಆಡುವುದನ್ನು ನೋಡುತ್ತ ಕೂತೆ.

ಹತ್ತು ವಾರದಲ್ಲಿ ಇದೊಂದು ಅರ್ಥವಾಗಿದೆ. ಎರಡು ಸಲ ನಿನ್ನದನ್ನು ನಾನು ಎತ್ತಿಕೊಂಡೆ, ಎರಡು ಸಲವೂ ದೇವರ ಹೆಸರು ಹೇಳಿ ಎತ್ತಿಕೊಂಡೆ. ಮನಸ್ಸು ಹಗುರವಾದದ್ದು ಉತ್ತರವಲ್ಲ, ಅತ್ತು ಎದ್ದವರಿಗೆಲ್ಲ ಹಗುರವಾಗುತ್ತದೆ. ಈಗಲೂ ದಿನಾ ಕೂರುತ್ತೇನೆ, ಆದರೆ ನಿನ್ನ ಹತ್ತಿರ ಕೇಳಬೇಕಾದ್ದನ್ನು ಅಲ್ಲಿ ಕೇಳುವುದಿಲ್ಲ.

ಚೀಟಿಯನ್ನು ಇದರೊಳಗೇ ಇಟ್ಟಿದ್ದೇನೆ. ಮಡಿಕೆಯಲ್ಲಿ ಸವೆದಿದೆ, ಮೆಲ್ಲಗೆ ಬಿಡಿಸು. ಸೋದರತ್ತೆ ಹೇಳಿದ ಊರು, ಬೀದಿ ಎರಡನ್ನೂ ಅಂದೇ ಹಿಂದೆ ಬರೆದಿಟ್ಟಿದ್ದೆ. ಅವರು ಈಗಲೂ ಅಲ್ಲಿದ್ದಾರೋ ಇಲ್ಲವೋ ನಾನು ವಿಚಾರಿಸಿಲ್ಲ. ವಿಚಾರಿಸಲು ಕೈ ತುರಿಸಿತು, ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿಕೊಡುತ್ತಿದ್ದಳು. ಬೇಡ ಅಂತ ಕೈ ಕಟ್ಟಿಕೊಂಡು ಕೂತೆ. ಮಗಳಿಗೆ ಈಗ ಇಪ್ಪತ್ತನಾಲ್ಕು. ಆ ಬಾಗಿಲು ತಟ್ಟಬೇಕೋ ಬೇಡವೋ ಅನ್ನುವುದು ನಿನ್ನದು. ಈ ವಿಷಯ ಹುಡುಗಿಗೂ ಹೇಳಿಲ್ಲ, ಯಾವ ಆಟದಲ್ಲೂ ಬರುವುದಿಲ್ಲ.

ಕ್ಷಮಿಸು ಅಂತ ಬರೆದರೆ ಅದು ನಿನಗೆ ಇನ್ನೊಂದು ಕೆಲಸ ಹಚ್ಚಿದ ಹಾಗೆ. ಬರೆಯುವುದಿಲ್ಲ. ಬಾಗಿಲಲ್ಲಿ ನಿಂತು ಉಗಿದರೂ ಸರಿ, ಇನ್ನು ಮುಖ ನೋಡದಿದ್ದರೂ ಸರಿ, ನಾನು ತಲೆ ತಪ್ಪಿಸಿಕೊಳ್ಳುವುದಿಲ್ಲ. ಇದೇ ಭಾನುವಾರ ಆಟವನ್ನು ಜನರಿಗೆ ಬಿಡುತ್ತಿದ್ದೇವೆ. ನಮ್ಮಂಥ ಸಣ್ಣವರೆಲ್ಲ ಸೇರಿ ತಮ್ಮ ಆಟಗಳನ್ನು ತೋರಿಸುವ ಒಂದು ಸಭಾಂಗಣದಲ್ಲಿ ನಮಗೂ ಒಂದು ಮೇಜು ಕೊಟ್ಟಿದ್ದಾರೆ. ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ, ಅದರಲ್ಲಿ ನಿನ್ನದಿತ್ತು. ತೆಗೆದಿದ್ದೇನೆ, ನೀನು ಹೇಳಿದರೆ ಮಾತ್ರ ಹಾಕುತ್ತೇನೆ. ಯಾರಾದರೂ ಇಷ್ಟೇನಾ ಮಹಡಿ ಅಂತ ಕೇಳಿದರೆ ಇಷ್ಟೇ ಅನ್ನುತ್ತೇನೆ. ನಾಲ್ಕೇ ಮಹಡಿಯ ಆಟವನ್ನು ನಾಲ್ಕು ಜನರ ಮುಂದೆ ತಲೆಯೆತ್ತಿ ಇಡುತ್ತೇನೆ, ಮುಗಿದ ಮೇಲೆ ಇನ್ನೊಂದನ್ನು ಶುರುಮಾಡುತ್ತೇನೆ. ಅದರಲ್ಲಿ ಯಾರ ಬಟ್ಟೆ ಬಂದರೂ ಅವರನ್ನು ಕೇಳಿಯೇ ಬರುತ್ತದೆ.

ದೇವರು ನಿನಗೆ ದಾರಿ ತೋರಿಸಲಿ ಅಂತ ಬರೆಯಲು ಹೊರಟೆ, ಪೆನ್ನು ನಿಂತಿತು. ದಾರಿ ಚೀಟಿಯ ಹಿಂದೆ ಇದೆ, ತೋರಿಸಬೇಕಾಗಿದ್ದವಳು ನಾನು. ನೀನು ಹೊರಟರೆ ಅವನು ನಿನ್ನ ಜೊತೆ ನಡೆಯಲಿ.

ನಿನ್ನ ಪಕ್ಕದ ಮೆಷಿನ್ನಿನವಳು